ದೌಲತಬಿಯ ಟ್ರಂಕು

ಪರ್ರನೆ ಬಟ್ಟೆ ಹರಿದ ಸದ್ದು. ನಡುರಾತ್ರಿ ದಾಟಿತ್ತು. ಶಬನಮ್ ಕಣ್ಣು ತೆರೆದು ಅಲುಗದೆ ಕೇಳಿಸಿಕೊಂಡಳು. ಇನ್ನೊಮ್ಮೆ ಹರಿಯಿತು. ಆಮೇಲೆ ಪಕ್ಕದ ಕೋಣೆಯಲ್ಲಿ ಟ್ರಂಕಿನ ಚಿಲಕ ಬಿತ್ತು.

ಅವಳು ಹಾವೇರಿಯಿಂದ ರಾಣೆಬೆನ್ನೂರಿನ ತವರಿಗೆ ಬಂದದ್ದು ಒಂದೇ ಮಾತು ಕೇಳಲು. ಅಬ್ಬಾ ಯೂಸುಫಸಾಬರ ಹೃದಯ ಎರಡು ಸಲ ಕೈಕೊಟ್ಟಿತ್ತು. ಇನ್ನೊಮ್ಮೆ ಹಾಗಾದರೆ ದವಾಖಾನೆಯ ಯಂತ್ರಕ್ಕೆ ಹಾಕಬೇಕೋ, ಮನೆಯಲ್ಲೇ ಬಿಡಬೇಕೋ, ಅವರ ಬಾಯಿಂದಲೇ ಕೇಳು ಎಂದಿದ್ದ ಅಣ್ಣ ಜಹೀರ. ಮಾತು ಎತ್ತಿದಾಗಲೆಲ್ಲ ಅಮ್ಮಿ ದೌಲತಬಿ ಅಡ್ಡ ಬರುತ್ತಿದ್ದಳು.

"ಉಣ್ಣೂ ಮುಂದ ಸಾವಿನ ಮಾತು ಯಾಕ? ರೊಟ್ಟಿ ಆರ್ತಾವು."

ಅಮ್ಮಿ ಏನೋ ಮುಚ್ಚಿಡುತ್ತಿದ್ದಳು. ಕಳೆದ ವಾರ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದವಳು ಸಂಜೆ ಬರಿ ಚೀಲ ಹಿಡಿದು ಬಂದಿದ್ದಳಂತೆ. ಅಬ್ಬಾನಿಗೆ ಇನ್ನೆಷ್ಟು ದಿನ ಎಂದು ಡಾಕ್ಟರು ಇವಳೊಬ್ಬಳಿಗೇ ಹೇಳಿದ್ದಾರೆಯೇ?

ಬೆಳಿಗ್ಗೆ ಅಮ್ಮಿ ಹಾಲು ತರಲು ಹೋದಾಗ ಶಬನಮ್ ಟ್ರಂಕು ತೆರೆದಳು. ಅತ್ತರು, ಕರ್ಪೂರ, ಮಡಿಸಿಟ್ಟ ಬಿಳಿ ಬಟ್ಟೆ. ಕಫನ್, ಹೆಣಕ್ಕೆ ಸುತ್ತುವ ಬಟ್ಟೆ. ಹೊರಗೆ ಅಬ್ಬಾ ಕೆಮ್ಮುತ್ತ ಪೇಪರ್ ಓದುತ್ತಿದ್ದರು. ಬದುಕಿ ಕೂತಿರುವ ಮನುಷ್ಯನಿಗೆ ರಾತ್ರಿ ಕದ್ದು ಇದನ್ನು ಹರಿಯಲು ಅಮ್ಮಿಗೆ ಕೈಯಾದರೂ ಹೇಗೆ ಬಂತು?

ಒಂದು, ಎರಡು, ಮೂರು. ಅಲ್ಲಿಗೆ ಮುಗಿಯಬೇಕಿತ್ತು, ಗಂಡಸಿಗೆ ಮೂರೇ ತುಂಡು. ಅಡಿಯಲ್ಲಿ ಇನ್ನೆರಡಿದ್ದವು. ತಲೆಗೆ ಹೊದಿಸುವ ಓಢಣಿ, ಎದೆಗೆ ಸುತ್ತುವ ಪಟ್ಟಿ. ಐದು ತುಂಡು ಹೆಂಗಸಿಗೆ.

"ಎಣಿಸಿದೇನು?" ಅಮ್ಮಿ ಬಾಗಿಲಲ್ಲಿ ನಿಂತಿದ್ದಳು. "ಕಾಲೇಜು ಕಲಿತಾಕಿ, ಲೆಕ್ಕ ತಪ್ಪಾಕಿಲ್ಲ."

"ಏನಾಗೇತಿ ಅಮ್ಮಿ?"

"ಹೊಟ್ಟ್ಯಾಗ ಗಡ್ಡಿ. ಎಲ್ಲಾ ಕಡೆ ಹಬ್ಬೇತಂತ. ನನಗ ದವಾಖಾನ್ಯಾಗ ನಳಿಗಿ ಹಾಕಿಸಬ್ಯಾಡ್ರಿ. ನನ್ನ ತವರೂರು ಐರಣ್ಯಾಗ ನಮ್ಮಮ್ಮನ ಬಾಜೂ ಮಣ್ಣ ಮಾಡ್ರಿ, ಸಾಕು. ನಿಮ್ಮ ಅಬ್ಬಾಗ ಈಗ ಗೊತ್ತಾದ್ರ ಅವರ ಎದಿ ತಡಿಯಂಗಿಲ್ಲ."

"ಭಾಯಿಗಾದ್ರೂ ಹೇಳ್ತೇನಿ."

"ಅವನ ಬಾಯಾಗ ಮಾತು ನಿಂತದ್ದು ಯಾವಾಗ?"

"ತಾಯಿ ಮಗಳು ಏನ್ ಗುಸುಗುಸು ಹಚ್ಚೀರಿ?" ಹೊರಗಿಂದ ಅಬ್ಬಾ ಕೂಗಿದರು. "ನನ್ನ ಎಲ್ಲಿ ಹುಗಿಯೂದು ಅಂತ ನೋಡಾಕತ್ತೀರೇನು?"

"ಚಾ ಕಾಸಾಕತ್ತೇವಿ, ತಡೀರಿ," ಎಂದಳು ದೌಲತಬಿ.

ಅಷ್ಟರಲ್ಲಿ ಜಹೀರನ ಫೋನು. "ಕೇಳಿದೇನವ್ವಾ? ಏನಂದ್ರು?"

ಅಬ್ಬಾ ಏನನ್ನೂ ಹೇಳಿರಲಿಲ್ಲ. ಹೇಳಿದವಳು ಎದುರಿಗೆ ನಿಂತು, ಮಗಳ ತುಟಿಯನ್ನೇ ನೋಡುತ್ತಿದ್ದಳು.

"ಇನ್ನೂ ಕೇಳಿಲ್ಲ ಭಾಯಿ," ಎಂದಳು ಶಬನಮ್. ಸುಳ್ಳಲ್ಲದ ಮಾತನ್ನು ಆರಿಸಿಕೊಂಡೇ ಹೇಳಿದ್ದಳು. ಅಬ್ಬಾನಿಗಾಗಲಿ, ಅಣ್ಣನಿಗಾಗಲಿ, ಹಾವೇರಿಯಲ್ಲಿ ಗಂಡನಿಗಾಗಲಿ, ತಾನು ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಫೋನು ಇಡುವ ಮೊದಲೇ ನಿರ್ಧರಿಸಿಬಿಟ್ಟಿದ್ದಳು.