ಬಲಭುಜದ ಹತ್ತಿ

ಮೇಷ್ಟ್ರ ಎದೆಯ ಸುತ್ತಳತೆ ನಲವತ್ತೊಂದೂವರೆ. ತೋಳಿನ ಉದ್ದ, ಸೊಂಟ, ಬೆನ್ನಿನ ಅಗಲ, ಎಲ್ಲವೂ ನನಗೆ ಬಾಯಿಪಾಠ. ಹೊರಗಿನವರಿಗೆ ಅವರು ದೊಡ್ಡ ಸಂಗೀತ ರಚನಕಾರರು. ಅವರು ಕಾಗದದ ಮೇಲೆ ಬರೆದದ್ದನ್ನು ಅರವತ್ತು ಜನ ವಾದ್ಯ ಹಿಡಿದು ನುಡಿಸುತ್ತಿದ್ದರು. ಸಭಾಂಗಣದಲ್ಲಿ ಕುರ್ಚಿ ಸಿಗದವರು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದರು. ನಮ್ಮ ಅಂಗಡಿಯಲ್ಲಿ ಮಾತ್ರ ಅವರು ಒಂದು ನಿಮಿಷ ನೆಟ್ಟಗೆ ನಿಲ್ಲದ ಗಿರಾಕಿ.

ಅಂಗಡಿ ನನ್ನ ಸೋದರಮಾವನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ಕೂತವಳು ನಾನು. ಮೊದಲು ಕಾಜ ಹೊಲಿದೆ, ಆಮೇಲೆ ಒಳಬದಿಯ ಅಸ್ತರು, ಆಮೇಲೆ ಕೋಟಿನ ಭುಜ. ಮಾತು ನನಗೆ ಆಗಿಬರುವುದಿಲ್ಲ. ಅಳತೆ ನೋಡುವಾಗ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದೆ, ಹಾಗಾಗಿ ಯಾರೂ ನನ್ನಿಂದ ಉತ್ತರ ಬಯಸುತ್ತಿರಲಿಲ್ಲ. ಅದು ದೊಡ್ಡ ಅನುಕೂಲ. ಮೇಷ್ಟ್ರು ನನಗೆ ಗುಂಡುಸೂಜಿ ಅಂತಲೇ ಹೆಸರಿಟ್ಟಿದ್ದರು.

"ಮೇಷ್ಟ್ರೇ, ಕೈ ಕೆಳಗೆ ಬಿಡಿ," ಅನ್ನುತ್ತಿದ್ದ ಮಾವ.

"ಬಿಟ್ಟಿದೀನಲ್ಲಯ್ಯಾ."

"ಬಿಟ್ಟಿಲ್ಲ, ಕುಣಿಸ್ತಿದೀರಿ. ಸೂಜಿ ಚುಚ್ಚಿದ್ರೆ ಆಮೇಲೆ ನನ್ನ ಬೈಬೇಡಿ."

"ಚುಚ್ಚು. ಆದ್ರೆ ನಾಲ್ಕನೇ ಏಟಿಗೆ ಸರಿಯಾಗಿ ಚುಚ್ಚು. ತಾಳ ತಪ್ಪಬಾರದು, ನೋಡು."

ಮೇಷ್ಟ್ರ ಕುತ್ತಿಗೆ ಗಿಡ್ಡ, ಹುಬ್ಬು ದಪ್ಪ. ಬಲಗೈ ನಡುಬೆರಳಿಗೆ ಹೋಗದ ಮಸಿ. ಕಿಸೆ ತುಂಬ ಪೆನ್ಸಿಲ್ ತುಂಡುಗಳು. ಪ್ರತಿ ಸಲವೂ ಒಳಕಿಸೆ ತೂತಾಗಿ, ತುಂಡುಗಳು ಅಸ್ತರಿನೊಳಗೆ ಇಳಿದು, ಕೋಟು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದಾಗುತ್ತಿತ್ತು. ಫೋಟೋಗಳಲ್ಲಿ ಅವರ ಹಣೆ ಗಂಟಿಕ್ಕಿದೆ. ಅದನ್ನು ನೋಡಿಯೇ ಜನ ಅವರನ್ನು ಸಿಡುಕ ಅಂದುಕೊಂಡದ್ದು. ಆ ಗಂಟು ಕೋಪದ್ದಲ್ಲ. ಅವರು ಮನಸ್ಸಿನಲ್ಲೇ ಏಟು ಎಣಿಸುತ್ತಿದ್ದರು. ಎಣಿಕೆ ಮುಗಿದ ಕೂಡಲೇ ಇಡೀ ಮುಖ ನಗುತ್ತಿತ್ತು, ಅಷ್ಟರಲ್ಲಿ ಫೋಟೋದವನು ತೆಗೆದು ಮುಗಿಸಿರುತ್ತಿದ್ದ.

ಇನ್ನೊಂದು ವಿಷಯ ಅಂಗಡಿಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅವರ ಬಲಭುಜ ಎಡಭುಜಕ್ಕಿಂತ ಒಂದಿಂಚು ಕೆಳಗಿತ್ತು.

"ಕತ್ತರಿ ಹಿಡಿದೋರು ಗಿರಾಕಿ ಮೈ ಬಗ್ಗೆ ಬಾಯಿ ಬಿಡಬಾರದು. ಗಿರಾಕಿ ಹತ್ರಾನೂ ಬಿಡಬಾರದು," ಅಂತ ಮಾವ ನನಗೆ ಮೊದಲ ದಿನವೇ ಹೇಳಿದ್ದ. ಭುಜ ಇಳಿದಿದ್ದರೆ ಹತ್ತಿ ತುಂಬಿ ಮೇಲೆತ್ತುವುದು, ಸುಮ್ಮನಿರುವುದು. ಮೇಷ್ಟ್ರ ಕೊನೆಯ ಹನ್ನೊಂದು ಕೋಟುಗಳ ಬಲಭುಜಕ್ಕೆ ಹತ್ತಿಯ ಮೆತ್ತೆ ಮಾಡಿ ಕೂರಿಸಿದವಳು ನಾನೇ. ಒಮ್ಮೆ ಮಾವ ಒಳಗೆ ಹೋಗಿದ್ದಾಗ ಮೇಷ್ಟ್ರು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತ ಕಣ್ಣು ಮಿಟುಕಿಸಿದರು.

"ಗುಂಡುಸೂಜಿ, ಎರಡೂ ಕಡೆ ಸಮ ಇರ್ಬೇಕಾದ್ದು ತಕ್ಕಡಿ. ನಾನೇನು ತಕ್ಕಡಿನಾ? ಹೋಗ್ಲಿ, ನಿಮ್ಮ ಮಾವನಿಗೆ ಸಮಾಧಾನ ಆಗುತ್ತಲ್ಲ, ತುಂಬು."

ಅವರು ತೀರಿಕೊಂಡ ಮರುವರ್ಷ ಸಭಾಂಗಣದ ಮುಂದೆ ಕಂಚಿನ ಪ್ರತಿಮೆ ನಿಲ್ಲಿಸುವುದೆಂದಾಯಿತು. ಒಂದು ಬೆಳಿಗ್ಗೆ ಅದರ ಶಿಲ್ಪಿ ನಮ್ಮ ಅಂಗಡಿಗೆ ಬಂದರು. ಉಗುರಿನ ಸಂದಿನಲ್ಲೆಲ್ಲ ಜೇಡಿಮಣ್ಣು, ಕಣ್ಣಿನ ಕೆಳಗೆ ಕಪ್ಪು. ಮೇಷ್ಟ್ರು ಕೊನೆಗೆ ಹೊಲಿಸಿ, ತೊಡದೇ ಹೋದ ಕೋಟು ನಮ್ಮಲ್ಲೇ ಇದೆಯೆಂದು ಅವರಿಗೆ ತಿಳಿದಿತ್ತು.

"ಒಂದು ದಿನದ ಮಟ್ಟಿಗೆ ಕೊಡಿ. ಬಟ್ಟೆ ಹೇಗೆ ಮಡಿಕೆ ಬೀಳುತ್ತೆ ನೋಡ್ಬೇಕು. ನಾಳೆ ಅಚ್ಚು ತೆಗೆಯೋರು ಬರ್ತಾರೆ."

ಮಾವ ಕೋಟನ್ನು ನನ್ನ ಕೈಗೆ ಕೊಟ್ಟ. "ನೀನೇ ತಗೊಂಡು ಹೋಗು, ನೀನೇ ವಾಪಸ್ ತಾ. ಮಣ್ಣು ತಾಗಿದ್ರೆ ನಿನ್ನ ಚರ್ಮ ಸುಲಿದು ಅಸ್ತರು ಹಾಕ್ತೀನಿ."

ಶಿಲ್ಪಿಯ ಕೆಲಸದ ಶೆಡ್ಡು ದೊಡ್ಡದು, ತಂಪು. ನಡುವೆ ಜೇಡಿಮಣ್ಣಿನ ಮೇಷ್ಟ್ರು ಆಳೆತ್ತರಕ್ಕೆ ನಿಂತಿದ್ದರು. ಅವರ ಎದುರು ಕುರ್ಚಿಯಲ್ಲಿ ಮೇಷ್ಟ್ರ ತಂಗಿ ಕೂತಿದ್ದರು. ಅಣ್ಣನೊಂದಿಗೆ ಒಂದೇ ಮನೆಯಲ್ಲಿ ಐವತ್ತು ವರ್ಷ ಬದುಕಿದವರು. ಅವರು ಹೂಂ ಅಂದರೆ ಮಾತ್ರ ಎರಕ ಹೊಯ್ಯುವುದೆಂದು ಮೊದಲೇ ಮಾತಾಗಿತ್ತು. ಅವರು ಎರಡು ಸಲ ಉಹೂಂ ಅಂದಿದ್ದರು. ಈ ಸಲವೂ ಅಂದರೆ ಮಣ್ಣು ಕೆಡವಿ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ.

"ಚೆನ್ನಾಗೇನೋ ಇದೆಯಪ್ಪಾ," ಅಂದರು ತಂಗಿ. "ಆದ್ರೆ ಇದು ನಮ್ಮಣ್ಣ ಅಲ್ಲ."

"ಅಮ್ಮಾ, ಮೂಗು ಸರಿ ಮಾಡಿದೆ. ಹುಬ್ಬು ಸರಿ ಮಾಡಿದೆ. ಮೂವತ್ತು ಫೋಟೋ ಮುಂದಿಟ್ಕೊಂಡು ಮಾಡಿದೀನಿ. ಏನು ತಪ್ಪಿದೆ ಅಂತ ಹೇಳಿ, ಈಗ್ಲೇ ತಿದ್ದುತೀನಿ."

"ಅದು ಗೊತ್ತಿದ್ರೆ ನಾನೇ ಮಾಡ್ತಿದ್ದೆ. ಅವನ ಅಣ್ಣನ ಥರ ಇದಾನೆ. ಅವನಿಗೆ ಅಣ್ಣನೇ ಇರ್ಲಿಲ್ಲ."

ನಾನು ಬಾಗಿಲಲ್ಲೇ ನಿಂತು ನೋಡಿದೆ. ಒಂದೇ ನೋಟಕ್ಕೆ ತಿಳಿಯಿತು. ಮಣ್ಣಿನ ಮೇಷ್ಟ್ರ ಭುಜಗಳು ಅಡ್ಡಪಟ್ಟಿ ಇಟ್ಟು ಗೆರೆ ಎಳೆದಷ್ಟು ಸಮವಾಗಿದ್ದವು. ಶಿಲ್ಪಿಯದು ತಪ್ಪಲ್ಲ. ಆ ಮೂವತ್ತು ಫೋಟೋಗಳಲ್ಲೂ ಮೇಷ್ಟ್ರು ತೊಟ್ಟಿದ್ದು ನಮ್ಮ ಕೋಟು. ಅವರು ಮೇಷ್ಟ್ರ ಭುಜವನ್ನಲ್ಲ, ನಮ್ಮ ಹತ್ತಿಯನ್ನು ನೋಡಿ ಮಾಡಿದ್ದರು.

ಹೇಳಬೇಕೆಂದು ಬಾಯಿ ತೆರೆದೆ. ಮಾತು ಬರಲಿಲ್ಲ. ಮಾವನ ಕಟ್ಟಪ್ಪಣೆಯೂ ನೆನಪಾಯಿತು. ಅದರ ಜೊತೆಗೆ ಕನ್ನಡಿಯಲ್ಲಿ ಮಿಟುಕಿದ ಆ ಕಣ್ಣೂ ನೆನಪಾಯಿತು. ಮೇಷ್ಟ್ರು ಮುಚ್ಚಿಟ್ಟದ್ದು ಏನೂ ಇರಲಿಲ್ಲ, ಮುಚ್ಚಿದ್ದು ನಾವು.

ಬಾಯಿ ಕೈಕೊಟ್ಟರೂ ಕೈ ನನಗೆ ಯಾವತ್ತೂ ಕೈಕೊಟ್ಟಿಲ್ಲ. ಕೋಟನ್ನು ಮೇಜಿನ ಮೇಲೆ ಮಗುಚಿ ಹಾಕಿದೆ. ಚೀಲದಿಂದ ಸಣ್ಣ ಕತ್ತರಿ ತೆಗೆದು ಬಲಭುಜದ ಅಸ್ತರಿನ ಹೊಲಿಗೆ ಬಿಚ್ಚಿದೆ.

"ಏ, ಏ! ಏನಮ್ಮಾ ಮಾಡ್ತಿದೀಯಾ?" ಶಿಲ್ಪಿ ಓಡಿ ಬಂದರು.

ಮೆತ್ತೆಯನ್ನು ಹೊರಗೆಳೆದು ಅವರ ಅಂಗೈಯಲ್ಲಿಟ್ಟೆ. ಎಡಭುಜದ್ದೂ ಬಿಚ್ಚಿ ತೋರಿಸಿದೆ. ಅಲ್ಲಿ ಬರೀ ಬಟ್ಟೆ. ಅವರು ಅಂಗೈ ನೋಡಿದರು, ಕೋಟು ನೋಡಿದರು, ಮಣ್ಣಿನ ಮೇಷ್ಟ್ರನ್ನು ನೋಡಿದರು.

"ಎಷ್ಟು?" ಅಂದರು, ತೀರ ಮೆಲ್ಲಗೆ.

"ಒಂದಿಂಚು," ಅಂದೆ. ಅಷ್ಟೇ ಮಾತು ಸಾಕಾಯಿತು.

ಆಮೇಲೆ ನಾಚಿಕೆಗೆ ಪುರುಸೊತ್ತೇ ಇರಲಿಲ್ಲ. ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಸ್ಟೂಲು ಹತ್ತಿದೆ. ಕತ್ತಿನ ಬುಡದಿಂದ ಭುಜದ ತುದಿಯವರೆಗೆ ಟೇಪು ಹಿಡಿದು, ಇಳಿಜಾರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕೋ ಅಲ್ಲೆಲ್ಲ ಮಣ್ಣಿಗೆ ಗುಂಡುಸೂಜಿ ಚುಚ್ಚಿದೆ. ಬಲತೋಳಿನ ಅಂಚು ಎಷ್ಟು ಇಳಿಯುತ್ತದೆ, ಕಾಲರು ಯಾವ ಕಡೆ ವಾಲುತ್ತದೆ, ತಲೆ ಬಲಕ್ಕೆ ಎಷ್ಟು ಬಾಗುತ್ತದೆ, ಎಲ್ಲಕ್ಕೂ ಒಂದೊಂದು ಸೂಜಿ. ಶಿಲ್ಪಿ ತಂತಿಯಿಂದ ಮಣ್ಣು ಕೊಯ್ದು, ಒತ್ತಿ, ಸವರಿ ನನ್ನ ಹಿಂದೆಯೇ ಬಂದರು. ತಂಗಿ ಕುರ್ಚಿಯಿಂದ ಏಳಲಿಲ್ಲ. ಸಂಜೆ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಶಿಲ್ಪಿ ಕೈ ಒರೆಸಿಕೊಂಡು ಹಿಂದೆ ಸರಿದರು.

ಮುಖವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ತಲೆ ಅಷ್ಟು ವಾಲಿದ್ದಕ್ಕೆ ಅದರ ಸಿಡುಕು ಹೋಗಿ, ಈಗ ಅದು ಏಟು ಎಣಿಸುತ್ತಿತ್ತು.

ತಂಗಿ ಎದ್ದು ಬಂದರು. ಎದುರಿಗೆ ನಿಲ್ಲದೆ ನೇರ ಅಣ್ಣನ ಬಲಮಗ್ಗುಲಿಗೆ ಹೋಗಿ ನಿಂತರು. ಅವರ ಬಾಯಿ ಸರಿಯಾಗಿ ಅಣ್ಣನ ಕಿವಿಗೆ ಬಂತು.

"ಜೀವಮಾನವೆಲ್ಲ ಈ ಕಡೆನೇ ನಡೆದೆ," ಅಂದರು. "ಇಲ್ಲಿಂದ ಪಿಸುಗುಟ್ಟಿದ್ರೆ ಅವನಿಗೆ ಕೇಳ್ತಿತ್ತು. ಯಾಕೆ ಅಂತ ಒಂದಿನಾನೂ ಯೋಚಿಸ್ಲಿಲ್ಲ ನೋಡು." ಕಿವಿಯ ಹತ್ತಿರ ಏನೋ ಹೇಳಿ, ನಕ್ಕು, ಶಿಲ್ಪಿಯ ಕಡೆ ತಿರುಗಿದರು. "ಹೂಂ ಕಣಪ್ಪಾ. ನಾಳೆ ಅಚ್ಚಿನೋರನ್ನ ಕರ್ಸು."

ಬಿಚ್ಚಿದ ಕೋಟನ್ನು ತಂಗಿ ಹಾಗೇ ಬೇಕೆಂದು ಇಟ್ಟುಕೊಂಡರು. ನಾನು ಬರೀ ಮೆತ್ತೆ ಹಿಡಿದು ಅಂಗಡಿಗೆ ಬಂದೆ. ಮಾವ ಮೆತ್ತೆ ನೋಡಿದ, ನನ್ನ ಮುಖ ನೋಡಿದ.

"ಹೇಳಿಬಿಟ್ಯಾ?"

"ಹೇಳ್ಲಿಲ್ಲ ಮಾವ. ಬಿಚ್ಚಿದೆ. ಮೇಷ್ಟ್ರಿಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಭುಜ. ಹತ್ತಿ. ಎಲ್ಲಾ. ನಿಮಗೆ ಸಮಾಧಾನ ಆಗ್ಲಿ ಅಂತ ಸುಮ್ನಿದ್ರು."

ಮಾವ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. "ಹಾಳು ಮೇಷ್ಟ್ರು," ಅಂದ. "ಅದಕ್ಕೇ ಬಲಭುಜ ಅಳೆಯುವಾಗ ಮಾತ್ರ ಕದಲದೆ ನಿಲ್ತಿದ್ರಾ?" ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

ಆ ಮೆತ್ತೆ ಈಗ ನನ್ನ ಮೇಜಿನ ಮೇಲಿದೆ. ಗುಂಡುಸೂಜಿಗಳನ್ನು ಅದರಲ್ಲೇ ಚುಚ್ಚಿಡುತ್ತೇನೆ; ಬಾಯಲ್ಲಿ ಕಚ್ಚಿಕೊಳ್ಳುವುದನ್ನು ಬಿಟ್ಟಿದ್ದೇನೆ.