ಕತ್ತಾಳೆಗೆ ನೀರು ಹಾಕಿದವರು

ಬೇಲಿಗೆ ನೆಡುವ ಕತ್ತಾಳೆಯನ್ನು ದುಡ್ಡು ಕೊಟ್ಟು ತರುವವರೂ ಇದ್ದಾರೆ ಎಂಬುದು ಬೆಳಂಬಾರದ ಮಾದಿಗೆ ತಿಳಿದದ್ದು ತನ್ನ ಐವತ್ತೆಂಟನೆಯ ವರ್ಷದಲ್ಲಿ. ಅಂಕೋಲೆಯಲ್ಲಿ ಅವಳು ಕೈತೋಟದ ಕೆಲಸಕ್ಕೆ ಹೋಗುತ್ತಿದ್ದ ಮನೆಯ ನೀತಾ, ಆ ಬೇಸಿಗೆಯಲ್ಲಿ ಗೋವೆಯ ನರ್ಸರಿಯಿಂದ ಅಂಗೈಯಗಲದ ಗಿಡವೊಂದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕಾರಿನಿಂದ ಇಳಿದಳು. ಬೂದುಹಸಿರು ಬಣ್ಣದ ದಪ್ಪ ಎಲೆ, ತುದಿಗೆ ಕಪ್ಪು ಮುಳ್ಳು.

"ಇದು ಅಗಾವೆ" ಎಂದಳು.

"ಕತ್ತಾಳೆ ಮರಿ ಅಲ್ರಾ ಅಮ್ಮಾ?"

"ನಿಂಗೆ ಎಲ್ಲಾ ಕತ್ತಾಳೆನೇ. ಇದು ಇಷ್ಟೇ ದೊಡ್ಡದಾಗೂದು. ನೀ ಇದ್ನ ಮುಟ್ಬೇಡ, ನಾನೇ ನೋಡ್ಕಳ್ತೆ."

ಮಾದಿ ಮುಟ್ಟಲಿಲ್ಲ. ನೀತಾ ಅದನ್ನು ತಳದಲ್ಲಿ ತೂತೇ ಇಲ್ಲದ ಹೊಳೆಯುವ ನೀಲಿ ಕುಂಡದಲ್ಲಿ, ಸಗಣಿಗೊಬ್ಬರ ತುಂಬಿದ ಮಣ್ಣಿನಲ್ಲಿ ನೆಟ್ಟಳು. ಬೆಳಿಗ್ಗೆ ಒಂದು ತಂಬಿಗೆ ನೀರು, ಸಂಜೆ ಒಂದು ತಂಬಿಗೆ. ಗದ್ದೆಯ ಭತ್ತಕ್ಕಾಗಿದ್ದರೆ ಸರಿ. ನಾಲ್ಕು ದಿನ ನೋಡಿ ತಡೆಯಲಾರದೆ ಮಾದಿ ಹೇಳಿದಳು.

"ಅಮ್ಮಾ, ಇದ್ಕೆ ದಿನಾ ನೀರು ಕೊಟ್ರೆ ಬುಡ ಕೊಳೀತದೆ. ಕುಂಡಕ್ಕೆ ತೂತು ಮಾಡ್ಸಿ, ಮರಳು, ಸಣ್ಣ ಜಲ್ಲಿ ಸೇರ್ಸಿ. ಮಣ್ಣು ಪೂರಾ ಒಣಗ್ದ ಮೇಲೇ ನೀರು. ಮಳೆಗಾಲ ಬಂದ್ರೆ ಮಾಡಿನ ಕೆಳಗೆ ಇಡಿ."

ನೀತಾ ಫೋನು ಎತ್ತಿ ತೋರಿಸಿದಳು. "ನಾ ಎಲ್ಲಾ ಓದ್ಕಂಡೇ ತಂದದ್ದು."

ಓದಿದ್ದರಲ್ಲಿ ತೂತಿನ ವಿಷಯ ಬರೆದಿರಲಿಲ್ಲವೇನೋ ಎಂದುಕೊಂಡು ಮಾದಿ ತೊಂಡೆ ಚಪ್ಪರದ ಕಡೆ ನಡೆದಳು. ನಲವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವಳಿಗೆ ಇಂಥವರ ಮೇಲೆ ಸಿಟ್ಟು ಮಾಡುವುದೂ ದಂಡವೆನ್ನಿಸಿತ್ತು.

ಆಷಾಢದ ಮಳೆ ಹಿಡಿದಾಗಲೂ ಕುಂಡ ಅಂಗಳದಲ್ಲೇ ಇತ್ತು. ಮಳೆ ಹೊಳವಾದ ಒಂದು ಶನಿವಾರ, ಕಾರವಾರದಿಂದ ನೀತಾಳ ಗೆಳತಿಯರು ನಾಲ್ವರು ತೋಟ ನೋಡಲು ಬಂದರು. ಗಿಡ ಬೆಳೆಸುವವರ ವಾಟ್ಸಾಪ್ ಗುಂಪಂತೆ ಅದು. ಅವರಲ್ಲಿ ಹಿರಿಯಳಾದ ಜಯಶ್ರೀ ಚಾದ ಕಪ್ಪನ್ನು ಎಡಗೈಗೆ ದಾಟಿಸಿ, "ಎಷ್ಟು ಚಂದ ಉಂಟೆ!" ಎನ್ನುತ್ತ ಕತ್ತಾಳೆಯ ಒಂದು ಎಲೆ ಹಿಡಿದಳು. ಇಡೀ ಗಿಡವೇ ಬುಡ ಬಿಟ್ಟು ಅವಳ ಕೈಗೆ ಬಂತು. ಕಪ್ಪು ಲೋಳೆ ಸೀರೆಗೆ ಇಳಿಯಿತು. ಸತ್ತ ಮೀನಿನಂಥ ನಾತ.

ನೀತಾ ಕ್ಷಣವೂ ಯೋಚಿಸಲಿಲ್ಲ. "ಈ ಮಾದಿ! ಬ್ಯಾಡ ಬ್ಯಾಡ ಅಂದ್ರೂ ದಿನಾ ನೀರು ಸುರೀತಿದ್ಲು."

"ನಾನಾ?" ಎಂದಳು ಕಳೆ ಕೀಳುತ್ತಿದ್ದ ಮಾದಿ.

ನಾಲ್ವರೂ ತಮ್ಮ ತಮ್ಮ ಕಪ್ಪಿನೊಳಗೆ ನೋಡಿದರು. ಮಾದಿ ಕೈ ತೊಳೆದು ಬೆಳಂಬಾರದ ಬಸ್ಸು ಹತ್ತಿದಳು.

ಎಂಟು ದಿನ ಅವಳು ಹೋಗಲಿಲ್ಲ. ಒಂಬತ್ತನೆಯ ದಿನ ನೀತಾಳ ಗಂಡ ಗುರುಪ್ರಸಾದ ಸ್ಕೂಟರಿನಲ್ಲಿ ಬಂದು ಅವಳ ಅಂಗಳದಲ್ಲಿ ನಿಂತ.

"ಮಾದೀ, ಸಾಕು ಸಿಟ್ಟು. ಅಂಗಳ ತುಂಬ ಕಳೆ ಬಂದದೆ."

"ನೀರು ಹಾಕ್ದೋರು ಯಾರು ಅಂತ ಅಮ್ಮ ಆ ನಾಲ್ಕು ಜನಕ್ಕೆ ಹೇಳ್ಲಿ. ನನ್ನ ಎದ್ರಿಗೇ. ಆಮೇಲೆ ಬತ್ತೆ."

ಮರುದಿನ ಮಾದಿ ಬಂದಾಗ ಜಗಲಿಯ ಮೇಲೆ ಕುಳಿತು ನೀತಾ, ಜಯಶ್ರೀ ಸೇರಿ ನಾಲ್ವರಿಗೂ ಒಟ್ಟಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದಳು. ಅಷ್ಟರಲ್ಲಿ ಮಾದಿ ಕುಂಡದ ರಾಡಿಗೆ ಕೈ ಹಾಕಿ ಹುಡುಕಿ, ಕೊಳೆಯದೆ ಉಳಿದ ಬೆರಳುದ್ದದ ಎರಡು ಮರಿಗಳನ್ನು ಬೇರುಸಮೇತ ಬಿಡಿಸಿದ್ದಳು.

"ಅಕ್ಕಾ, ಅವತ್ತಿನ ಗಿಡ... ನೀರು ಹಾಕ್ದವ್ಳು ಮಾದಿ ಅಲ್ಲ. ನಾನೇ."

ಫೋನಿನಲ್ಲಿ ಜಯಶ್ರೀ ನಕ್ಕಳು. "ನಮ್ಗೆ ಅವತ್ತೇ ಗೊತ್ತಿತ್ತು ಬಿಡೆ. ನೀರು ಹಾಕೂ ಫೋಟೋ ದಿನಾ ಗ್ರೂಪಿಗೆ ಹಾಕ್ತಾ ಇದ್ದವ್ಳು ನೀನೇ ಅಲ್ವೇನೆ?"

ಅಲ್ಲಿಯವರೆಗೆ ಮಾದಿಗೆ ಒಬ್ಬಳ ಮೇಲೆ ಮಾತ್ರ ತಾತ್ಸಾರವಿತ್ತು. ಈಗ ಐವರ ಮೇಲೂ ಬಂತು. ಸುಳ್ಳು ಹೇಳಿದವಳಿಗೆ ಹೆದರಿಕೆಯಾದರೂ ಇತ್ತು. ಗೊತ್ತಿದ್ದೂ ಸುಮ್ಮನೆ ಚಾ ಕುಡಿದವರಿಗೆ ಏನಿತ್ತು?

"ಆಯ್ತಲ್ಲ?" ಎಂದಳು ನೀತಾ, ಕಣ್ಣು ಕೆಂಪಾಗಿಸಿಕೊಂಡು.

ಮಾದಿ ಮರಿಗಳನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಬಾಗಿಲಲ್ಲಿ ನಿಂತಿದ್ದ ಗುರುಪ್ರಸಾದನ ಕಡೆ ತಿರುಗಿದಳು. "ಎರಡು ದಿನ ಗಾಯ ಒಣಗ್ಲಿ. ತೂತಿದ್ದ ಮಣ್ಣಿನ ಕುಂಡ ತನ್ನಿ, ನಾ ನೆಟ್ಟು ಕೊಡ್ತೆ. ದೀಪಾವಳಿ ತನಕ ಮಳೆಗೆ ಇಡೂಕಾಗ."

ಬರುತ್ತೇನೆಂದು ಮಾತು ಕೊಟ್ಟಿದ್ದಳು, ಬಂದಿದ್ದಳು. ಕತ್ತಿ ತೆಗೆದುಕೊಂಡು ಕಳೆಗೆ ಕೂತವಳು ಸಂಜೆಯ ಬಸ್ಸಿನ ಹೊತ್ತಿನ ತನಕ ಆ ಮನೆಯ ಯಾರೊಂದಿಗೂ ಮತ್ತೆ ಮಾತಾಡಲಿಲ್ಲ.