ಒಳ್ಳೆಯ ಕಣ್ಣಿನ ಪಾಲು

ಕ್ಷೌರಿಕನ ಕಣ್ಣು ಕೆಂಪಗಿದ್ದರೆ ಜನಕ್ಕೆ ಹೊಳೆಯುವುದು ಒಂದೇ: ರಾತ್ರಿ ಕುಡಿದಿದ್ದಾನೆ. ಕುತ್ತಿಗೆಗೆ ಕತ್ತಿ ಇಡುವವನ ವಿಷಯದಲ್ಲಿ ಯಾರು ತಾನೇ ದಾಕ್ಷಿಣ್ಯ ನೋಡುತ್ತಾರೆ? ಡಾಕ್ಟರು ಬರೆದುಕೊಟ್ಟ, ಕಣ್ಣು ಕೆಂಪಾಗಿಸುವ ಹನಿಯ ಮೊದಲ ಸೀಸೆ ಮುಗಿಯುವಷ್ಟರಲ್ಲಿ ಗಂಡನ ಅಂಗಡಿಯ ಬೆಂಚು ಖಾಲಿ ಹೊಡೆಯತೊಡಗಿದ್ದನ್ನು ಹೆಂಡತಿ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಅದೊಂದೇ ಪರದೆ. ಅಲ್ಲಿ ಕತ್ತರಿಯ ಸದ್ದು ನಿಂತರೆ ಇಲ್ಲಿ ಅವಳ ಕೈಕೆಲಸವೂ ನಿಲ್ಲುತ್ತಿತ್ತು.

ಗಂಡನ ಎಡಗಣ್ಣು ಹೋದ ಲೆಕ್ಕವೇ. ಕೈಯಾಡಿಸಿದರೆ ನೆರಳು ಕಾಣುತ್ತಿತ್ತು, ಅಷ್ಟೇ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುವ ಕಾಯಿಲೆ, ಗ್ಲಾಕೋಮಾ. ನೋವಿಲ್ಲ, ಸುಳಿವಿಲ್ಲ, ಹೇಳದೆ ಕೇಳದೆ ದೃಷ್ಟಿ ಹೋಗಿಬಿಟ್ಟಿತ್ತು.

"ಹೋಗಿದ್ದು ವಾಪಸ್ ಬರಲ್ಲ" ಎಂದಿದ್ದರು ಡಾಕ್ಟರು. "ಬಲಗಣ್ಣಲ್ಲೂ ಒತ್ತಡ ಜಾಸ್ತಿ ಇದೆ. ಅದನ್ನಾದ್ರೂ ಉಳಿಸ್ಕೊಳ್ಳೋಕೇ ಈ ಹನಿ. ದಿನಾ ಮಲಗೋಕೆ ಮುಂಚೆ ಎರಡೂ ಕಣ್ಣಿಗೆ ಒಂದೊಂದು. ಮೂರು ತಿಂಗಳಿಗೆ ಬಂದು ತೋರಿಸಿ."

ಇದರಲ್ಲಿ ತಿಳಿಯದ ಮಾತು ಒಂದಾದರೂ ಇತ್ತೇ? ಇರಲಿಲ್ಲ. ಆದರೆ ಅದೇ ಬಲಗಣ್ಣು ನೆಲಕ್ಕೆ ಬಿದ್ದ ಒಂಟಿ ಕೂದಲನ್ನು ಕೂತಲ್ಲಿಂದಲೇ ಗುರುತಿಸುತ್ತಿತ್ತು. ಅಂಥ ಕಣ್ಣಿಗೆ ಕಾಯಿಲೆ ಎಂದರೆ ಅವಳ ಮನಸ್ಸು ಒಪ್ಪಲಿಲ್ಲ. ಕಾಯಿಲೆ ಇರುವುದು ಕಾಣದ ಕಣ್ಣಿಗೆ, ಕಾಣುವ ಕಣ್ಣಿಗೆ ಇದು ದಂಡದ ಔಷಧಿ ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದಳು.

ಮೀಸೆ ಚಿಗುರಿದಂದಿನಿಂದ ಗಂಡನ ಬಳಿಯೇ ಗಡ್ಡ ಮಾಡಿಸುತ್ತಿದ್ದ ಮೇಷ್ಟ್ರು ಒಂದು ದಿನ ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ಅವನ ಮುಖ ನೋಡಿ ಎದ್ದೇಬಿಟ್ಟರು.

"ಏನಪ್ಪಾ, ಬೆಳಬೆಳಗ್ಗೇನೇ ಹಾಕ್ಕೊಂಡ್ಬಿಟ್ಟಿದ್ದೀಯ?"

"ಅಯ್ಯೋ ಮೇಷ್ಟ್ರೇ, ಔಷಧಿ! ನೋಡಿ ಬೇಕಾದ್ರೆ" ಎಂದು ಗಂಡ ಸೀಸೆ ಹಿಡಿದು ಬೀದಿಯವರೆಗೂ ಹೋದ. ಮೇಷ್ಟ್ರು ನಗುತ್ತಲೇ ಎದುರಿನ ಕ್ಷೌರದಂಗಡಿಗೆ ನಡೆದರು. ಅವನು ಒಳಗೆ ಬಂದು ಸೀಸೆಯನ್ನು ಗೋಡೆಗೆ ಎಸೆದ.

"ಕಣ್ಣು ಉಳಿಸ್ಕೊಂಡು ಹೊಟ್ಟೆಗೇನು ತಣ್ಣೀರು ಬಟ್ಟೆ ಹಾಕ್ಕೊಳ್ಳಲಾ? ಉರಿ ಬೇರೆ. ಇನ್ಮೇಲೆ ಮುಟ್ಟಲ್ಲ ನಾನು, ಎರಡೂ ಹೋದ್ರೆ ಹೋಗ್ಲಿ."

ಹೆಂಡತಿ ಸೀಸೆ ಎತ್ತಿಕೊಂಡಳು. ಪ್ಲಾಸ್ಟಿಕ್ಕಿನದು, ಒಡೆದಿರಲಿಲ್ಲ. "ನಿಮಗೆ ಹಾಕ್ಕೊಳ್ಳೋಕೆ ಬರಲ್ಲ, ಅದಕ್ಕೇ ಹೀಗೆ. ಇವತ್ತಿಂದ ನಾನು ಹಾಕ್ತೀನಿ ಬಿಡಿ."

ಅವಳ ಲೆಕ್ಕ ಸುಲಭದ್ದು. ಎರಡು ಕಣ್ಣೂ ಕೆಂಪಾದರೆ ಕುಡುಕ ಎನ್ನುತ್ತಾರೆ, ಒಂದೇ ಕೆಂಪಾದರೆ ಪಾಪ, ಕಣ್ಣುಬೇನೆ ಎನ್ನುತ್ತಾರೆ. ಖಾಲಿಯಾಗಿದ್ದ ಮೊದಲ ಸೀಸೆಯ ಮೂತಿ ಕಿತ್ತು ತೊಳೆದು, ಕಾಯಿಸಿ ಆರಿಸಿದ ನೀರು ತುಂಬಿದಳು. ಊಟವಾದ ಮೇಲೆ ಗಂಡ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಎಡಗಣ್ಣಿಗೆ ಔಷಧಿ, ಬಲಗಣ್ಣಿಗೆ ನೀರು. ಅವನು ರೆಪ್ಪೆ ಮುಚ್ಚಿಕೊಂಡು ಬೆರಗಾಗುತ್ತಿದ್ದ.

"ಬಲಗಡೆ ಒಂಚೂರೂ ಉರೀಲಿಲ್ಲ ಕಣೇ! ನಿನ್ನ ಕೈಗುಣ ದೊಡ್ಡದು."

ಆ ಮಾತಿಗೆ ಅವಳು ಹಿಗ್ಗಿದಳು. ಸುಳ್ಳು ಹೇಳುತ್ತಿದ್ದೇನೆ ಎನ್ನುವುದಕ್ಕಿಂತ ಸಂಸಾರ ತೂಗಿಸುತ್ತಿದ್ದೇನೆ ಎನ್ನುವ ಹೆಮ್ಮೆಯೇ ಹೆಚ್ಚಾಗಿತ್ತು. ಬಲಗಣ್ಣು ಬೆಳ್ಳಗಾಯಿತು, ಬೆಂಚು ಮತ್ತೆ ತುಂಬಿತು. ಮೇಷ್ಟ್ರೂ ವಾಪಸ್ ಬಂದರು.

ಕೆಲವು ತಿಂಗಳಲ್ಲಿ ಎಡಗಣ್ಣಿನ ರೆಪ್ಪೆಗೂದಲು ಮಾತ್ರ ಉದ್ದಕ್ಕೆ, ಕಪ್ಪಗೆ, ಬಾಗಿ ಬೆಳೆಯಿತು. ಊರಿಂದ ಬಂದ ನಾದಿನಿ ನೋಡಿ ಬಿದ್ದು ಬಿದ್ದು ನಕ್ಕಳು. "ಅಣ್ಣಾ, ಒಂದೇ ಕಣ್ಣಿಗೆ ಶೃಂಗಾರ ಮಾಡಿಸಿದ್ದೀಯಲ್ಲೋ! ಇನ್ನೊಂದೇನು ಪಾಪ ಮಾಡಿತ್ತು?" ಗಿರಾಕಿಗಳಿಗೂ ಅದೇ ಮಾತು ಸಿಕ್ಕಿತು. ಗಂಡನೂ ಕನ್ನಡಿ ನೋಡಿಕೊಂಡು ಎಡಗಣ್ಣು ಮಿಟುಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ಜನರ ಕಣ್ಣೆದುರಿಗೇ ಸತ್ಯ ಕೂತಿತ್ತು, ಒಬ್ಬರ ತಲೆಗೂ ಹೋಗಲಿಲ್ಲ.

ಮೂರು ತಿಂಗಳ ತಪಾಸಣೆ ಹಾಗೇ ದಾಟಿತು. "ಚೆನ್ನಾಗಿದ್ದೀನಲ್ಲ, ಅಲ್ಲಿ ಹೋಗಿ ಇಡೀ ದಿನ ಯಾಕೆ ಕೂರ್ಲಿ?" ಎಂದ ಗಂಡ. ಅವಳೂ ಒತ್ತಾಯ ಮಾಡಲಿಲ್ಲ. ಮರೆತಳು ಎಂದು ಹೇಳಿ ಅವಳನ್ನು ಬಚಾವು ಮಾಡಲು ನನಗೆ ಮನಸ್ಸಿಲ್ಲ. ಡಾಕ್ಟರ ಮುಂದೆ ಕೂರಲು ಅವಳಿಗೆ ಭಯವಿತ್ತು. ನೋಡನೋಡುತ್ತ ಎರಡನೇ ವರ್ಷವೂ ಮುಗಿಯುತ್ತ ಬಂತು.

ಆಮೇಲೆ ಒಂದೊಂದೇ ಶುರುವಾಯಿತು. ಪಕ್ಕದಲ್ಲಿದ್ದ ಸ್ಟೂಲಿಗೆ ಎಡವಿದ. ಸಾಬೂನಿನ ಬಟ್ಟಲು ಕೈ ತಾಗಿ ಉರುಳಿತು. ಒಬ್ಬನ ಹಿಂದಲೆಯಲ್ಲಿ ಒಂದು ಕುಚ್ಚು ಕೂದಲು ಹಾಗೇ ಉಳಿಯಿತು. "ವಯಸ್ಸಾಯ್ತಲ್ಲೇ" ಎಂದು ಅವನೇ ತೇಲಿಸಿದ. ಒಂದು ಬೆಳಿಗ್ಗೆ ಮೇಷ್ಟ್ರ ಕಿವಿಯ ಅಂಚು ಕುಯ್ದೇಬಿಟ್ಟ. ಬಿಳಿ ಬಟ್ಟೆಯ ಮೇಲೆ ರಕ್ತ ಹರಡಿತು. ಮೇಷ್ಟ್ರು ಬೈಯಲಿಲ್ಲ. ಕಿವಿಗೆ ಹತ್ತಿ ಒತ್ತಿಕೊಂಡು, "ಕತ್ತಿ ಕೆಳಗಿಡು. ಮೊದ್ಲು ಹೋಗಿ ಕಣ್ಣು ತೋರಿಸ್ಕೊಂಡು ಬಾ" ಎಂದರು.

ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಗಂಡ ಬಲಗಣ್ಣನ್ನು ಯಂತ್ರಕ್ಕೆ ಕೊಟ್ಟು ಕೂತ. ಒಳಗೆ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಹೆಂಡತಿ ಬಾಗಿಲ ಬಳಿ ನಿಂತು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಯಂತ್ರ ಗುಂಯ್‌ಗುಟ್ಟುತ್ತಲೇ ಇತ್ತು, ಹೆಬ್ಬೆರಳು ಅಲ್ಲಾಡಲಿಲ್ಲ. ಒತ್ತೀ, ದಮ್ಮಯ್ಯ, ಒತ್ತೀ ಎಂದು ಅವಳು ಮನಸ್ಸಿನಲ್ಲೇ ಗೋಗರೆದಳು. ಅಪರೂಪಕ್ಕೊಮ್ಮೆ ಒತ್ತಿದ.

ಡಾಕ್ಟರು ವರದಿ ನೋಡಿದರು. ಅವನ ಗಲ್ಲ ಹಿಡಿದು ಎರಡೂ ಕಣ್ಣಿಗೆ ದೀಪ ಬಿಟ್ಟರು.

"ಈ ಹನಿ ಹಾಕಿದ್ರೆ ರೆಪ್ಪೆಗೂದಲು ಬೆಳೆಯುತ್ತೆ. ಎಡಗಡೆ ಬೆಳೆದಿದೆ, ಬಲಗಡೆ ಇಲ್ಲ. ಬಲಗಣ್ಣಿಗೆ ಹಾಕ್ತಾ ಇಲ್ವಾ?"

"ಎಲ್ಲಾದ್ರೂ ಉಂಟಾ ಡಾಕ್ಟ್ರೇ!" ಗಂಡನಿಗೆ ಸಿಟ್ಟೇ ಬಂತು. "ಇವಳೇ ಕೈಯಾರೆ ಹಾಕೋದು. ಜ್ವರ ಬಂದು ಮಲಗಿದ್ದಾಗ್ಲೂ ಎದ್ದು ಹಾಕಿದ್ದಾಳೆ."

"ಹಾಗಾದ್ರೆ ಈ ಕಣ್ಣಿಗೆ ಔಷಧಿ ಹಿಡೀತಿಲ್ಲ. ಆಪರೇಷನ್ ಮಾಡಿ ಒತ್ತಡ ಇಳಿಸ್ಬೇಕಾಗುತ್ತೆ. ಇರೋದು ಇದೊಂದೇ ಕಣ್ಣು. ಅದರಲ್ಲೂ ಅಪಾಯ ಇಲ್ಲ ಅಂತ ಹೇಳಕ್ಕಾಗಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಅವಳ ಮಾನ ಉಳಿಯುತ್ತಿತ್ತು. ಕಣ್ಣಿಗೆ ಕತ್ತರಿ ಬೀಳುತ್ತಿತ್ತು.

"ಔಷಧಿ ಹಿಡಿಯುತ್ತೆ, ಡಾಕ್ಟ್ರೇ" ಎಂದಳು. "ಆ ಕಣ್ಣಿಗೆ ನಾನು ಹಾಕಿಲ್ಲ."

"ಹಾಕಿಲ್ಲ ಅಂದ್ರೇನೇ?" ಗಂಡ ತಲೆ ತಿರುಗಿಸಿದ. ಅವಳೆಲ್ಲಿದ್ದಾಳೆಂದು ಅವನಿಗೆ ತಕ್ಷಣ ಗೊತ್ತಾಗಲಿಲ್ಲ. "ದಿನಾ ಹಾಕ್ತಿದ್ದೆಯಲ್ಲ?"

"ನೀರು."

"ಎಂಥ ನೀರು?"

"ಕಾಯಿಸಿ ಆರಿಸಿದ್ದೇ ರೀ" ಎಂದಳು. ಅವಳಿಗೇ ಆ ಮಾತು ಕೇಳಿ ಹೇಸಿಗೆಯಾಯಿತು.

ಡಾಕ್ಟರು ಗಂಡನಿಗೆ ಮಾತ್ರ ಹೇಳಿದರು: ಈಗ ಕಾಣುತ್ತಿರುವುದು ಕೊಳವೆಯೊಳಗಿಂದ ನೋಡಿದಷ್ಟೇ. ಇಂದಿನಿಂದಲೇ ಹನಿ ಹಾಕಬೇಕು, ವಾರಕ್ಕೆ ಬಂದು ತೋರಿಸಬೇಕು, ಒತ್ತಡ ಇಳಿಯದಿದ್ದರೆ ಆಪರೇಷನ್. ಕತ್ತಿ ಹಿಡಿಯುವ ಕೆಲಸ ಇನ್ನು ಬೇಡ.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಬೈದಿದ್ದರೆ, ಎರಡೇಟು ಹಾಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಇಳಿಯುವಾಗ ಅವಳು ಕೈ ಚಾಚಿದಳು. ಅವನು ಕಂಬಿ ಹುಡುಕಿ ಹಿಡಿದುಕೊಂಡು ಇಳಿದ.

ಊಟವಾದ ಮೇಲೆ ತಾನೇ ಸೀಸೆ ತೆಗೆದುಕೊಂಡು ಗೋಡೆಗೆ ಒರಗಿ ಕೂತ. ಮೊದಲ ಹನಿ ಹುಬ್ಬಿಗೆ ಬಿತ್ತು, ಎರಡನೆಯದು ಕೆನ್ನೆಗೆ. ಮೂರನೆಯದು ಮೂಗಿನ ಮೇಲೆ. ಹೆಂಡತಿ ತಡೆಯಲಾರದೆ ಹತ್ತಿರ ಬಂದು ಕೂತಳು. ಅವನು ಸೀಸೆ ಕೊಟ್ಟು ಅವಳ ತೊಡೆಯ ಮೇಲೆ ತಲೆಯಿಟ್ಟ. ಅವಳಿಗೆ ಹೋದ ಜೀವ ಬಂದಂತಾಯಿತು.

ಅವನು ಕಣ್ಣು ಬಿಡಲಿಲ್ಲ. ಬಾಯಿ ತೆರೆದ.

"ಮೊದ್ಲು ನಾಲಿಗೆಗೆ ಹಾಕು."

"ಆ ನೀರಿನ ಸೀಸೆ ಆಗ್ಲೇ ಬಿಸಾಕಿದೆ ಕಣ್ರೀ, ನಿಮ್ಮಾಣೆಗೂ."

"ಹಾಕು."

ಅವಳು ಹಾಕಿದಳು. ಅವನು ನಾಲಿಗೆ ಆಡಿಸಿ, ಚಪ್ಪರಿಸಿ, ನಿಧಾನಕ್ಕೆ ರುಚಿ ನೋಡಿದ.

"ಸರಿ" ಎಂದು ಬಲಗಣ್ಣು ಬಿಟ್ಟ.